ಕಾಸರಗೋಡಿನ ಎಂಡೋಸಲ್ಫಾನ್ ಪರಿಹಾರ ಸೇವೆ: ಬಳಸುವವರ ಕಡೆಯಿಂದ ಒಂದು ವಿಮರ್ಶೆ

ಕಾಸರಗೋಡು ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧೆಗೊಳಗಾದ ಸಂತ್ರಸ್ತರಿಗೆ ಕೇರಳ ಸರಕಾರ ಒದಗಿಸುತ್ತಿರುವ ಪರಿಹಾರ ಸೇವೆಗಳ ಕುರಿತು ಸಮಿತಿಗಳ ವರದಿಗಳು, ನ್ಯಾಯಾಲಯದ ಆದೇಶಗಳು, ಪತ್ರಿಕೆಗಳ ಲೇಖನಗಳು ಬೇಕಾದಷ್ಟು ಇವೆ. ಆದರೆ ಆ ಸೇವೆಯನ್ನು ದಿನನಿತ್ಯ ಬಳಸಬೇಕಾದ ಮನೆಗಳಿಗೆ ಅದು ಎಷ್ಟರ ಮಟ್ಟಿಗೆ ಒದಗಿಬರುತ್ತಿದೆ, ಎಲ್ಲಿ ಕೈಕೊಡುತ್ತಿದೆ ಎಂಬುದನ್ನು ಗಡಿನಾಡಿನ ಕನ್ನಡಿಗರ ಕಡೆಯಿಂದ ನೋಡಿ ಬರೆದದ್ದು ಕಡಿಮೆ. ನಾನು ಎಣ್ಮಕಜೆ ಪಂಚಾಯತಿನವನು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನಮ್ಮ ಆಸುಪಾಸಿನ ಮನೆಗಳವರಿಗೆ ಅರ್ಜಿ ಬರೆದುಕೊಡುವುದು, ಅವರೊಂದಿಗೆ ಶಿಬಿರಕ್ಕೋ ಕಚೇರಿಗೋ ಹೋಗುವುದು ಹಲವು ವರ್ಷಗಳಿಂದ ನಡೆದುಕೊಂಡು ಬಂದಿದೆ. ಆ ಅನುಭವದ ಆಧಾರದಲ್ಲಿ ಈ ಸೇವೆಯ ಒಂದೊಂದು ಭಾಗವನ್ನೂ ತೂಗಿ ನೋಡುವ ಪ್ರಯತ್ನ ಇದು.

ಹಿನ್ನೆಲೆಯನ್ನು ಬಲ್ಲವರೇ ಹೆಚ್ಚಾದರೂ, ಸೇವೆಯನ್ನು ಅಳೆಯಬೇಕಾದರೆ ಅದು ಯಾವ ಅನ್ಯಾಯಕ್ಕೆ ಉತ್ತರವಾಗಿ ಹುಟ್ಟಿತು ಎಂಬುದು ಕಣ್ಣ ಮುಂದೆ ಇರಬೇಕು. ಕೇರಳ ಸರಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಷನ್, ಜಿಲ್ಲೆಯ ಗುಡ್ಡೆ ಪದವುಗಳಲ್ಲಿ ಹಬ್ಬಿದ ತನ್ನ ಸುಮಾರು 4,700 ಹೆಕ್ಟೇರು ಗೇರುತೋಟಗಳಿಗೆ 1970ರ ದಶಕದ ಕೊನೆಭಾಗದಿಂದ 2000ದ ವರೆಗೆ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿತು. ಚಿಗುರನ್ನೂ ಹೂವನ್ನೂ ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಅದರ ಉದ್ದೇಶವಾಗಿತ್ತು. ಗೇರು ಬೆಳೆದದ್ದು ಗುಡ್ಡದ ನೆತ್ತಿಯಲ್ಲಿ, ಜನ ಬದುಕಿದ್ದು ಅದರ ಬುಡದಲ್ಲಿ. ಗುಡ್ಡದೊಳಗಿಂದ ನೀರು ತರುವ ಸುರಂಗ, ಬಾಯ್ದೆರೆದ ಬಾವಿ, ತೋಡು, ಹಟ್ಟಿಯ ಮುಂದಿನ ಬೈಹುಲ್ಲು ಯಾವುದೂ ಆ ಮಂಜಿನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಮೊದಲು ಅಂಗವಿಕಲ ಕರುಗಳು ಹುಟ್ಟಿದ್ದನ್ನು ಗಮನಿಸಿ ಬರೆದವರು ನಮ್ಮದೇ ಊರಿನ ಕೃಷಿ ಪತ್ರಕರ್ತ ಶ್ರೀಪಡ್ರೆ. ವಾಣೀನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಕೊಡೆಂಕಿರಿ ತೋಡಿನ ಇಕ್ಕೆಲದ ಮನೆಗಳಲ್ಲಿ ಕಂಡುಬಂದ ಅಸಹಜ ಕಾಯಿಲೆಗಳನ್ನು ಗುರುತುಹಾಕಿಕೊಂಡು ಲೋಕದ ಗಮನಕ್ಕೆ ತಂದರು. ಪುಲ್ಲೂರು-ಪೆರಿಯದ ಕಡೆ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಇದನ್ನೆಲ್ಲ ಮಾಡಿದವರು ಸಾಮಾನ್ಯ ಜನರು. ತಿಳಿದೂ ತಡವಾಗಿ ಓಗೊಟ್ಟದ್ದು ಸರಕಾರ.

ಆದ್ದರಿಂದ ಈ ಸೇವೆಯನ್ನು ಬಡವರಿಗೆ ಸರಕಾರ ಕೊಡುವ ಸಾಮಾನ್ಯ ಸಹಾಯಧನಗಳ ಸಾಲಿನಲ್ಲಿ ಇಟ್ಟು ನೋಡುವುದು ನನಗೆ ಸರಿ ಕಾಣುವುದಿಲ್ಲ. ಹಾನಿ ಮಾಡಿದ್ದು ಸರಕಾರದ್ದೇ ಸಂಸ್ಥೆ, ಕೊಡುವುದು ಋಣಸಂದಾಯ. ಮಾನವ ಹಕ್ಕುಗಳ ಗಂಭೀರ ಉಲ್ಲಂಘನೆಗೆ ಒಳಗಾದವರಿಗೆ ಸಲ್ಲಬೇಕಾದ ಪರಿಹಾರ ಹೇಗಿರಬೇಕು ಎಂಬುದಕ್ಕೆ ವಿಶ್ವಸಂಸ್ಥೆಯ ಮಹಾಸಭೆ 2005ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಮೂಲ ತತ್ತ್ವಗಳು ಒಂದು ಒಳ್ಳೆಯ ಅಳತೆಗೋಲನ್ನು ಕೊಡುತ್ತವೆ. ಕಳೆದುಕೊಂಡದ್ದನ್ನು ಸಾಧ್ಯವಿರುವಷ್ಟು ಮರಳಿಸುವುದು, ನಷ್ಟಕ್ಕೆ ಹಣ ಕೊಡುವುದು, ವೈದ್ಯಕೀಯ ಹಾಗೂ ಸಾಮಾಜಿಕ ಪುನರ್ವಸತಿ ಕಲ್ಪಿಸುವುದು, ಸತ್ಯವನ್ನು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳುವುದು, ಮತ್ತೆ ಹಾಗಾಗದಂತೆ ಖಾತರಿ ಕೊಡುವುದು ಇವೆಲ್ಲವೂ ಕೂಡಿದರೆ ಮಾತ್ರ ಪರಿಹಾರ ಪೂರ್ತಿಯಾಗುತ್ತದೆ ಎಂದು ಅದು ಹೇಳುತ್ತದೆ. ನಮ್ಮಲ್ಲಿ ಚರ್ಚೆ ಬಹುಪಾಲು ಹಣದ ಸುತ್ತಲೇ ಸುತ್ತಿದೆ. ನಾನು ಉಳಿದವನ್ನೂ ನೋಡಲು ಬಯಸುತ್ತೇನೆ.

ಈ ಸೇವೆಯ ಹೆಬ್ಬಾಗಿಲು ಸಂತ್ರಸ್ತರ ಪಟ್ಟಿ. ಪಟ್ಟಿಯಲ್ಲಿ ಹೆಸರಿದ್ದರೆ ಪೆನ್ಶನ್, ಉಚಿತ ಚಿಕಿತ್ಸೆ, ನಷ್ಟಪರಿಹಾರ. ಹೆಸರಿಲ್ಲದಿದ್ದರೆ ಏನೂ ಇಲ್ಲ. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಪುಲ್ಲೂರು-ಪೆರಿಯ, ಅಜಾನೂರು, ಕಯ್ಯೂರು-ಚೀಮೇನಿ, ಪನತ್ತಡಿ, ಕಳ್ಳಾರು ಎಂಬ ಹನ್ನೊಂದು ಪಂಚಾಯತುಗಳನ್ನು ಮುಖ್ಯವಾಗಿ ಬಾಧಿತ ಪ್ರದೇಶಗಳೆಂದು ಗುರುತಿಸಿ, ವಿಶೇಷ ವೈದ್ಯಕೀಯ ಶಿಬಿರಗಳನ್ನು ನಡೆಸಿ, ಅಲ್ಲಿಗೆ ಬಂದವರನ್ನು ತಜ್ಞರು ಪರೀಕ್ಷಿಸಿ ಪಟ್ಟಿ ತಯಾರಿಸುವುದು ಇಲ್ಲಿನ ಕ್ರಮ. ಶಿಬಿರದ ಕಲ್ಪನೆಯಲ್ಲಿ ತಪ್ಪಿಲ್ಲ. ಒಂದೇ ದಿನ ನರರೋಗ, ಮಕ್ಕಳ ಕಾಯಿಲೆ, ಚರ್ಮ, ಕಣ್ಣು, ಮನೋರೋಗಗಳ ವೈದ್ಯರು ಒಂದೇ ಕಟ್ಟಡದಲ್ಲಿ ಸಿಗುವುದು ನಮ್ಮಂಥ ಮೂಲೆಯ ಊರುಗಳಿಗೆ ಸಣ್ಣ ಸಂಗತಿಯಲ್ಲ. ನಾನು ಕಂಡ ವೈದ್ಯರಲ್ಲಿ ಹೆಚ್ಚಿನವರು ತಾಳ್ಮೆಯುಳ್ಳವರಾಗಿದ್ದರು. ಊಟ, ನೀರು, ಗಾಲಿಕುರ್ಚಿಯ ಏರ್ಪಾಡನ್ನು ಆಶಾ ಕಾರ್ಯಕರ್ತೆಯರೂ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರೂ ಯಾರೂ ಹೇಳದೆ ನೋಡಿಕೊಳ್ಳುತ್ತಿದ್ದರು.

ಕೊರತೆ ಇರುವುದು ಪರೀಕ್ಷೆ ಮುಗಿದ ನಂತರದ ಹಂತದಲ್ಲಿ. 2017ರ ಶಿಬಿರದ ಕಥೆಯೇ ಇದಕ್ಕೆ ಸಾಕ್ಷಿ. ಆ ಶಿಬಿರದ ಬಳಿಕ 1,905 ಮಂದಿಯನ್ನು ಸಂತ್ರಸ್ತರೆಂದು ಗುರುತಿಸಲಾಗಿತ್ತು. ಅಂತಿಮ ಪಟ್ಟಿ ಹೊರಬಂದಾಗ ಅದರಲ್ಲಿ ಇದ್ದದ್ದು 287 ಹೆಸರು. ಪ್ರತಿಭಟನೆ ನಡೆದ ಮೇಲೆ 76 ಮಂದಿಯನ್ನೂ, ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯಟ್ ಮುಂದೆ ಹೋರಾಟ ಹೂಡಿದ ಮೇಲೆ ಹದಿನೆಂಟು ವರ್ಷದೊಳಗಿನ 511 ಮಂದಿಯನ್ನೂ ಸೇರಿಸಲಾಯಿತು. ಉಳಿದ 1,031 ಮಂದಿ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತು ತಮ್ಮ ಹೆಸರು ಏಕೆ ಹೋಯಿತೆಂದು ಕೇಳಬೇಕಾಯಿತು. ವೈದ್ಯರು ಒಮ್ಮೆ ಗುರುತಿಸಿದ ಕಾಯಿಲೆ, ಯಾರು ಎಷ್ಟು ಗಟ್ಟಿಯಾಗಿ ಕೂಗಿದರು ಎಂಬುದನ್ನು ನೋಡಿಕೊಂಡು ಪಟ್ಟಿಯೊಳಗೆ ಬರುವುದೂ ಹೊರಗೆ ಹೋಗುವುದೂ ಯಾವ ವೈದ್ಯಶಾಸ್ತ್ರ? ಹೆಸರು ಕೈಬಿಟ್ಟಾಗ ಕಾರಣವನ್ನು ಲಿಖಿತವಾಗಿ ಮನೆಗೆ ತಿಳಿಸುವ ಕನಿಷ್ಠ ಸೌಜನ್ಯವೂ ನಾನು ಬಲ್ಲ ಮನೆಗಳಿಗೆ ಸಿಕ್ಕಿಲ್ಲ. ಇದರ ಮೇಲೆ, 2011ರ ಅಕ್ಟೋಬರ್ 25ರ ನಂತರ ಹುಟ್ಟಿದ ಮಕ್ಕಳನ್ನು ಸಂತ್ರಸ್ತರೆಂದು ಪರಿಗಣಿಸುವುದಿಲ್ಲ ಎಂಬ ನಿಲುವನ್ನೂ ಅಧಿಕಾರಿಗಳು ಮುಂದಿಟ್ಟರು. ತಾಯಿಯ ಮೈಯಲ್ಲಿ ಸೇರಿದ್ದು ಕ್ಯಾಲೆಂಡರಿನ ಒಂದು ತಾರೀಕಿಗೆ ನಿಂತುಹೋಗುತ್ತದೆ ಎಂದು ಯಾವ ಆಧಾರದ ಮೇಲೆ ನಂಬಬೇಕು ಎಂದು ತಾಯಂದಿರು ಕೇಳುವ ಪ್ರಶ್ನೆ ನ್ಯಾಯವಾದದ್ದು.

ಎಂಡೋಸಲ್ಫಾನಿಗೂ ಈ ಕಾಯಿಲೆಗಳಿಗೂ ನೇರ ಸಂಬಂಧ ಸಾಬೀತಾಗಿಲ್ಲವೆಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಅವರ ಮಾತನ್ನು ಮುಚ್ಚಿಡಬೇಕಾಗಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಮ್ಮ ಪಡ್ರೆ ಗ್ರಾಮದಲ್ಲಿ ಅಧ್ಯಯನ ನಡೆಸಿ 2002ರಲ್ಲಿ ಕೊಟ್ಟ ವರದಿ ಸಂಬಂಧವಿದೆ ಎಂದೇ ಹೇಳಿತು ಎಂಬುದೂ ನಿಜ. ಆದರೆ ಈ ವಾದದ ಭಾರವನ್ನು ಹೊರಬೇಕಾದವರು ಯಾರು? ಹೆಲಿಕಾಪ್ಟರ್ ಹಾರಿಸುವ ಮುನ್ನ ಯಾವ ಮನೆಯವರ ರಕ್ತವನ್ನೂ ಪರೀಕ್ಷಿಸಿ ಇಡದ, ಎಷ್ಟು ಲೀಟರು ಎಲ್ಲಿ ಬಿತ್ತು ಎಂಬುದರ ಲೆಕ್ಕವನ್ನು ಊರಿನವರಿಗೆ ಕೊಡದ ಸಂಸ್ಥೆಯ ಬದಲಿಗೆ, ಈಗ ಕೈಕಾಲು ತಿರುಚಿದ ಮಗುವನ್ನು ಎತ್ತಿಕೊಂಡು ಬಂದ ತಾಯಿಯೇ ಎಲ್ಲವನ್ನೂ ಸಾಬೀತುಪಡಿಸಬೇಕೆಂದರೆ ಆ ಸೇವೆಯ ಬುನಾದಿಯೇ ಓರೆಯಾಗಿದೆ ಎಂದು ನಾನು ಹೇಳುತ್ತೇನೆ. ವಿಷ ಯಾರ ಅನುಮತಿಯನ್ನೂ ಕೇಳದೆ ಪ್ರತಿ ಮನೆಯ ಹಂಚಿನ ಮೇಲೆ ಬಂದು ಬಿತ್ತು; ಪರಿಹಾರವನ್ನು ಮಾತ್ರ ಪ್ರತಿಯೊಬ್ಬರೂ ಕಾಗದಪತ್ರ ಹಿಡಿದು ಹುಡುಕಿಕೊಂಡು ಹೋಗಬೇಕಾಗಿದೆ.

ಹಣದ ವಿಷಯಕ್ಕೆ ಬರೋಣ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು, ಮೃತರ ಕುಟುಂಬಗಳಿಗೂ ಹಾಸಿಗೆ ಹಿಡಿದವರಿಗೂ ಪರರ ನೆರವಿಲ್ಲದೆ ಬದುಕಲಾರದವರಿಗೂ 5 ಲಕ್ಷ ರೂಪಾಯಿ, ಉಳಿದ ಅಂಗವಿಕಲರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಡಿವೈಎಫ್‌ಐ ಯುವಜನ ಸಂಘಟನೆಯ ಅರ್ಜಿಯ ಮೇಲೆ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಹಿಡಿಯಿತು. ಅದೇ ನ್ಯಾಯಾಲಯ 2017ರ ಜನವರಿ 10ರಂದು, ಮೂರು ತಿಂಗಳ ಒಳಗೆ ಸಂತ್ರಸ್ತರೆಲ್ಲರಿಗೂ 5 ಲಕ್ಷ ರೂಪಾಯಿ ಕೊಟ್ಟು ಮುಗಿಸಬೇಕೆಂದು ಆದೇಶಿಸಿತು. ಮೂರು ತಿಂಗಳು ಐದು ವರ್ಷಗಳಾದವು. ಕೊನೆಗೆ ಎಂಟು ಮಂದಿ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಮೇಲೆ ಸರಕಾರ ಆ ಎಂಟು ಮಂದಿಗೆ ಮಾತ್ರ ಹಣ ಕೊಟ್ಟು ಕೈತೊಳೆದುಕೊಳ್ಳಲು ನೋಡಿತು. 2022ರ ಮೇ 13ರ ಆದೇಶದಲ್ಲಿ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ಸೂರ್ಯಕಾಂತ್ ಅವರ ಪೀಠ ಇದನ್ನು ಕಟುವಾಗಿ ಟೀಕಿಸಿತು. ಒಟ್ಟು 3,704 ಸಂತ್ರಸ್ತರಲ್ಲಿ 102 ಮಂದಿ ಹಾಸಿಗೆ ಹಿಡಿದವರು, 326 ಮಂದಿ ಬುದ್ಧಿಮಾಂದ್ಯರು, 201 ಮಂದಿ ಅಂಗವಿಕಲರು, 119 ಮಂದಿ ಕ್ಯಾನ್ಸರ್ ರೋಗಿಗಳು ಎಂಬ ಲೆಕ್ಕ ನ್ಯಾಯಾಲಯದ ಮುಂದೆ ಇತ್ತು. ಕೋರ್ಟಿನ ಮೆಟ್ಟಿಲೇರುವ ಶಕ್ತಿ ಇದ್ದವರಿಗೆ ಮಾತ್ರ ಕೊಡುವುದು ಯಾವ ತರ್ಕ ಎಂದು ಕೇಳಿದ ಪೀಠ, ಆ ಎಂಟು ಮಂದಿಗೆ ತಲಾ 50,000 ರೂಪಾಯಿ ವೆಚ್ಚವನ್ನೂ ಕೊಡಿಸಿತು, ಮುಖ್ಯ ಕಾರ್ಯದರ್ಶಿ ಪ್ರತಿ ತಿಂಗಳು ಸಭೆ ನಡೆಸಬೇಕೆಂದೂ ಹೇಳಿತು.

ಇದಾದ ಮೇಲೆ ಆದ ಕೆಲಸವನ್ನು ಮೆಚ್ಚಬೇಕು. ಸರಕಾರ ಇದಕ್ಕಾಗಿ 200 ಕೋಟಿ ರೂಪಾಯಿ ಮಂಜೂರು ಮಾಡಿತ್ತು. ಅರ್ಜಿ ಸಲ್ಲಿಸಿದ ಹೆಚ್ಚಿನ ಮನೆಗಳಿಗೆ ಕೆಲವೇ ತಿಂಗಳಲ್ಲಿ ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬಂತು. ನಡುವೆ ಯಾರೂ ಕೈಯೊಡ್ಡಿದ್ದನ್ನು ನಾನು ಕೇಳಿಲ್ಲ. ಐದು ವರ್ಷ ಆಗದ ಕೆಲಸ ಐದಾರು ತಿಂಗಳಲ್ಲಿ ಆಯಿತೆಂದರೆ, ಹಿಂದೆ ತಡೆದದ್ದು ಹಣದ ಅಭಾವವೂ ಅಲ್ಲ, ಸಿಬ್ಬಂದಿಯ ಅಭಾವವೂ ಅಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಆ ಐದು ವರ್ಷದ ನಡುವೆ ತೀರಿಕೊಂಡವರ ಮನೆಗಳಲ್ಲಿ ಹಣ ಬಂದ ದಿನವೂ ಸೂತಕದ ದಿನದಂತೆಯೇ ಕಳೆಯಿತು. ನಮ್ಮ ನೆರೆಯ ಒಬ್ಬ ಅಕ್ಕ ಪಾಸ್‌ಬುಕ್ ತಂದು ನನ್ನ ಕೈಗಿಟ್ಟು, "ಮಾಸ್ಟ್ರೇ, ಇದು ಅವನ ಹೆಸರಿನಲ್ಲಿ ಬಂದದ್ದು. ಅವನಿಗೆಂದು ಏನು ಮಾಡಲಿ ಈಗ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತಿಂಗಳ ಪೆನ್ಶನ್ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ ಸ್ನೇಹಸಾಂತ್ವನಂ ಯೋಜನೆಯ ಮೂಲಕ ಬರುತ್ತದೆ. ಸಂತ್ರಸ್ತರ ಸ್ಥಿತಿ ಹಾಗೂ ಅವರು ಪಡೆಯುವ ಬೇರೆ ಪೆನ್ಶನ್‌ಗಳನ್ನು ನೋಡಿಕೊಂಡು 2,200, 1,700 ಅಥವಾ 1,200 ರೂಪಾಯಿ ಎಂದು ನಿಗದಿ ಮಾಡಿ ವರ್ಷಗಳೇ ಕಳೆದಿವೆ. ಹಾಸಿಗೆ ಹಿಡಿದ ಒಬ್ಬ ಯುವಕನ ಡಯಾಪರಿಗೇ ಇದು ಸಾಲದು ಎಂದರೆ ಸಾಕು; ಅಪಸ್ಮಾರದ ಮಾತ್ರೆ, ಆಟೋ ಬಾಡಿಗೆ, ಕೂಲಿ ಬಿಟ್ಟು ಮನೆಯಲ್ಲಿ ಉಳಿಯುವ ತಾಯಿಯ ದಿನದ ದುಡಿಮೆ ಇವನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ. ಮೊತ್ತ ಸಣ್ಣದಾದರೂ ತಿಂಗಳು ತಪ್ಪದೆ ಬಂದರೆ ಮನೆಯವರು ಅದರ ಮೇಲೆ ಒಂದು ಲೆಕ್ಕ ಹಾಕಿಕೊಳ್ಳಬಹುದು. ಅದು ಆಗಾಗ ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದರಿಂದ ಅಂಗಡಿಯ ಸಾಲ ತಪ್ಪುವುದಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ನನ್ನ ಅಸಮಾಧಾನ ಎಲ್ಲಕ್ಕಿಂತ ಹೆಚ್ಚು. ಸರಕಾರ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಸಂತ್ರಸ್ತರಿಗೆ ಉಚಿತ ಚಿಕಿತ್ಸೆಯ ಸೌಲಭ್ಯವಿದೆ. ಅವುಗಳಲ್ಲಿ ಮಂಗಳೂರಿನ ಆಸ್ಪತ್ರೆಗಳೂ ಸೇರಿರುವುದು ನಮ್ಮ ಭಾಗದವರಿಗೆ ದೊಡ್ಡ ಆಸರೆ. ಆದರೆ ಜಿಲ್ಲೆಯೊಳಗೇ ನರರೋಗದ ತಜ್ಞ ಚಿಕಿತ್ಸೆ ಸಿಗದೆ ಇಷ್ಟು ಕಾಲ ಕಳೆದದ್ದೇಕೆ? ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಿಲಾನ್ಯಾಸವಾಯಿತು. ಅಲ್ಲಿ ಹೊರರೋಗಿ ವಿಭಾಗ ತೆರೆಯಲು 2022 ಬರಬೇಕಾಯಿತು. ಆ ವಿಳಂಬದ ಬೆಲೆ ಏನೆಂಬುದು 2020ರ ಮಾರ್ಚಿನಲ್ಲಿ ಎಲ್ಲರಿಗೂ ಅರಿವಾಯಿತು. ಕೋವಿಡಿನ ಕಾರಣ ಕೊಟ್ಟು ಕರ್ನಾಟಕ ಸರಕಾರ ತಲಪಾಡಿ ಮತ್ತಿತರ ಗಡಿದಾರಿಗಳನ್ನು ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆ್ಯಂಬುಲೆನ್ಸಿನಲ್ಲಿ ಕುಳಿತು ಹಿಂದಿರುಗಬೇಕಾಯಿತು. ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಒಂದು ರಾಜ್ಯ ತನ್ನ ಸಂಸ್ಥೆಯಿಂದ ಘಾಸಿಗೊಂಡ ಜನರ ಚಿಕಿತ್ಸೆಯನ್ನು ಇನ್ನೊಂದು ರಾಜ್ಯದ ದಾಕ್ಷಿಣ್ಯಕ್ಕೆ ಬಿಟ್ಟರೆ ಆಗುವುದು ಇದೇ. ಇತ್ತ ರಾಜಧಾನಿ ತಿರುವನಂತಪುರ ಐನೂರು ಕಿಲೋಮೀಟರಿಗೂ ದೂರದಲ್ಲಿದೆ. ಅಪಸ್ಮಾರವಿರುವ ಮಗುವನ್ನು ರಾತ್ರಿಯ ರೈಲಿನಲ್ಲಿ ಅಲ್ಲಿಗೆ ಕರೆದೊಯ್ಯುವುದು ಎಂಥ ಪಾಡು ಎಂಬುದನ್ನು ಒಮ್ಮೆ ಜತೆಗೆ ಹೋದವರು ಮರೆಯಲಾರರು. 2022ರ ಅಕ್ಟೋಬರಿನಲ್ಲಿ ಸಮಾಜಸೇವಕಿ ದಯಾ ಬಾಯಿ ಇಳಿವಯಸ್ಸಿನಲ್ಲಿ ಸೆಕ್ರೆಟೇರಿಯಟ್ ಮುಂದೆ ಎರಡು ವಾರಕ್ಕೂ ಹೆಚ್ಚು ಕಾಲ ಉಪವಾಸ ಕುಳಿತದ್ದು ಜಿಲ್ಲೆಗೆ ತಜ್ಞ ಚಿಕಿತ್ಸೆ ಬೇಕು, ಏಮ್ಸ್ ಪ್ರಸ್ತಾವದಲ್ಲಿ ಕಾಸರಗೋಡಿನ ಹೆಸರು ಇರಬೇಕು, ಪ್ರತಿ ಪಂಚಾಯತಿನಲ್ಲಿ ಹಗಲಿನ ಆರೈಕೆ ಕೇಂದ್ರ ಬೇಕು ಎಂಬ ಬೇಡಿಕೆಗಳಿಗಾಗಿ. ಇವುಗಳಲ್ಲಿ ಒಂದೂ ಅತಿಯಾಸೆಯ ಬೇಡಿಕೆಯಲ್ಲ.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು: ಈ ಇಡೀ ವ್ಯವಸ್ಥೆಯಲ್ಲಿ ನಾನು ಯಾರಿಗೂ ಧೈರ್ಯದಿಂದ ಶಿಫಾರಸು ಮಾಡಬಲ್ಲದ್ದು ಬುದ್ಧಿಮಾಂದ್ಯ ಮಕ್ಕಳಿಗಾಗಿ ಇರುವ ಬಡ್ಸ್ ವಿಶೇಷ ಶಾಲೆಗಳನ್ನು ಮತ್ತು ಮನೆಗೆ ಬರುವ ಪಾಲಿಯೇಟಿವ್ ನರ್ಸುಗಳನ್ನು. ಬಡ್ಸ್ ಶಾಲೆಯ ವಾಹನ ಬೆಳಗ್ಗೆ ಬಂದು ಮಗುವನ್ನು ಕರೆದೊಯ್ದು ಸಂಜೆ ಬಿಟ್ಟುಹೋಗುವ ಆ ಆರೇಳು ಗಂಟೆಗಳು ತಾಯಿಯ ಬದುಕಿನಲ್ಲಿ ಎಂಥ ವ್ಯತ್ಯಾಸ ತರುತ್ತವೆ ಎಂಬುದನ್ನು ಅಂಕಿಗಳಲ್ಲಿ ಹೇಳಲಾಗದು. ಕೈಯಲ್ಲಿ ಲೋಟ ಹಿಡಿಯಲು ಕಲಿತ ಮಗು, ತನ್ನ ಹೆಸರು ಕರೆದಾಗ ತಿರುಗಿ ನೋಡಲು ಕಲಿತ ಮಗು, ಹಗಲಿನಲ್ಲಿ ಒಂದಿಷ್ಟು ಬೀಡಿ ಕಟ್ಟಿಯೋ ತೋಟದ ಕೆಲಸಕ್ಕೆ ಹೋಗಿಯೋ ನಾಲ್ಕು ಕಾಸು ಸಂಪಾದಿಸಲು ಸಾಧ್ಯವಾದ ತಾಯಿ ಇವರನ್ನು ನೋಡಿದ ಮೇಲೆ ಆ ಶಾಲೆಗಳ ಅಧ್ಯಾಪಿಕೆಯರಿಗೂ ಆಯಾಗಳಿಗೂ ಕೊಡುವ ಸಂಬಳ ಎಷ್ಟು ಕಡಿಮೆ ಎಂಬ ಸಂಗತಿ ಮನಸ್ಸನ್ನು ಕೊರೆಯುತ್ತದೆ. ಪಾಲಿಯೇಟಿವ್ ನರ್ಸು ಹಾಸಿಗೆಹುಣ್ಣನ್ನು ತೊಳೆದು ಮದ್ದು ಹಚ್ಚುವಾಗ ಮನೆಯವರಿಗೂ ಮಗ್ಗುಲು ಬದಲಿಸುವ ಕ್ರಮವನ್ನು ತೋರಿಸಿಕೊಡುತ್ತಾರೆ. ಪರಿಹಾರ ಮನೆಯ ಬಾಗಿಲಿಗೆ ಬರಬಹುದು, ಬರಲು ಸಾಧ್ಯವಿದೆ ಎಂಬುದಕ್ಕೆ ಈ ಹೆಣ್ಣುಮಕ್ಕಳೇ ಪುರಾವೆ.

ಆದರೆ ಬಡ್ಸ್ ಶಾಲೆಗೂ ಒಂದು ಮಿತಿ ಇದೆ. ಸಂತ್ರಸ್ತರಲ್ಲಿ ಅನೇಕರು ಈಗ ಮಕ್ಕಳಲ್ಲ; ಮೂವತ್ತು, ನಲವತ್ತು ದಾಟಿದವರು. ಅವರ ತಂದೆತಾಯಂದಿರಿಗೆ ಅರುವತ್ತು, ಎಪ್ಪತ್ತು. "ನಾನು ಕಣ್ಣುಮುಚ್ಚಿದ ಮೇಲೆ ಇವನಿಗೆ ಗಂಜಿ ಉಣಿಸುವವರು ಯಾರು?" ಎಂಬ ಪ್ರಶ್ನೆಯನ್ನು ನಾನು ಕೇಳದ ಮನೆಯಿಲ್ಲ. ಇದಕ್ಕೆ ಉತ್ತರವಾಗಿ ಮುಳಿಯಾರಿನಲ್ಲಿ ಪ್ಲಾಂಟೇಶನ್ ಕಾರ್ಪೊರೇಷನ್ನಿನ 25 ಎಕರೆ ಜಾಗದಲ್ಲಿ ಪುನರ್ವಸತಿ ಗ್ರಾಮವೊಂದನ್ನು ಕಟ್ಟುವ ಯೋಜನೆ ರೂಪುಗೊಂಡಿತು. ವಿಷ ಸಿಂಪಡಿಸಿದ ಸಂಸ್ಥೆಯ ನೆಲವೇ ಸಂತ್ರಸ್ತರ ಆಶ್ರಯಕ್ಕೆ ಒದಗಿದ್ದು ನ್ಯಾಯವಾದ ನಡೆ. ಹೊರೆ ಹೊತ್ತ ವೇಗದಲ್ಲಿ ಅದು ನಡೆದು ಬಂದಿದೆ ಎಂಬುದಷ್ಟೇ ನನ್ನ ದೂರು. ಹಗಲಿನ ಚಿಕಿತ್ಸೆಗೆ ಒಂದು ಕಟ್ಟಡ ಎದ್ದರೆ ಸಾಲದು. ತಂದೆತಾಯಿ ಇಲ್ಲದವರು ಜೀವನಪರ್ಯಂತ ಮರ್ಯಾದೆಯಿಂದ ಇರಬಹುದಾದ ವಸತಿ ಅಲ್ಲಿ ಆಗಬೇಕು, ಅದನ್ನು ನಡೆಸುವ ಹಣ ವರ್ಷವರ್ಷದ ಬಜೆಟ್ಟಿನ ಕೃಪೆಗೆ ಕಾಯದಂತೆ ನಿಧಿಯಾಗಿ ಇಡಬೇಕು.

ಇನ್ನು ಭಾಷೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡಿಗರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. ಎಂಡೋಸಲ್ಫಾನ್ ಬಾಧಿತ ಪಂಚಾಯತುಗಳಲ್ಲಿ ಉತ್ತರದ ಹಲವು ಕನ್ನಡ, ತುಳು, ಮರಾಟಿ ಮಾತಾಡುವವರು ಹೆಚ್ಚಿರುವ ಊರುಗಳು. ಹೀಗಿದ್ದೂ ಒಂದು ಕಚೇರಿಯಲ್ಲಿ, ಕನ್ನಡದಲ್ಲಿ ಬರೆದ ಅರ್ಜಿಯನ್ನು ಮೇಜಿನಿಂದಲೇ ಹಿಂದಿರುಗಿಸಿ "ಮಲಯಾಳದಲ್ಲಿ ಬರೆಸಿ ತನ್ನಿ" ಎಂದದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಅರ್ಜಿ ಹಿಡಿದಿದ್ದ ಅಜ್ಜಿ ಎರಡು ಬಸ್ಸು ಬದಲಿಸಿ ಬಂದವರು. ಶಿಬಿರದಲ್ಲೂ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ: ಗರ್ಭಿಣಿಯಾಗಿದ್ದಾಗ ಎಲ್ಲಿ ನೀರು ತರುತ್ತಿದ್ದಿರಿ, ಹೆಲಿಕಾಪ್ಟರ್ ಬಂದಾಗ ಎಲ್ಲಿದ್ದಿರಿ, ಮಗುವಿಗೆ ಮೊದಲ ಸೆಳೆತ ಬಂದದ್ದು ಯಾವಾಗ ಎಂದು ಮಲಯಾಳದಲ್ಲಿ ಕೇಳಿದರೆ, ತುಳುವಿನಲ್ಲಿ ಯೋಚಿಸುವ ತಾಯಿ "ಹೂಂ" ಎಂದೋ "ಇಲ್ಲ" ಎಂದೋ ಹೇಳಿ ಮುಗಿಸುತ್ತಾರೆ. ರೋಗದ ಚರಿತ್ರೆ ಆ ಕಾಗದದಲ್ಲಿ ಅರ್ಧವೇ ಉಳಿಯುತ್ತದೆ. ಪಟ್ಟಿಯಿಂದ ಹೆಸರು ಬಿಟ್ಟುಹೋಗಲು ಅಷ್ಟು ಸಾಕು. ಪ್ರತಿ ಶಿಬಿರದಲ್ಲಿ ಕನ್ನಡ ಹಾಗೂ ತುಳು ಬಲ್ಲ ಒಬ್ಬ ದುಭಾಷಿಯನ್ನು ಕೂರಿಸಲು ಎಷ್ಟು ಖರ್ಚಾದೀತು?

ಸತ್ಯವನ್ನು ಒಪ್ಪಿಕೊಳ್ಳುವ ವಿಷಯದಲ್ಲಿ ಈ ಸೇವೆ ಬಹುತೇಕ ಮೌನವಾಗಿದೆ. ಜಪಾನಿನ ಮಿನಮಾಟದ ಚರಿತ್ರೆ ಇಲ್ಲಿ ನೆನಪಾಗುತ್ತದೆ. ಚಿಸ್ಸೊ ಎಂಬ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಮೀನು ತಿಂದ ಜನರ ನರಮಂಡಲ ಹಾಳಾದದ್ದು 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂತು. ಸರಕಾರ ಕಾರಣವನ್ನು ಒಪ್ಪಿಕೊಳ್ಳಲು 1968ರ ವರೆಗೆ ಕಾದಿತು. ಅಲ್ಲೂ ಯಾರು ರೋಗಿ, ಯಾರು ಅಲ್ಲ ಎಂದು ನಿರ್ಧರಿಸುವ ಪ್ರಮಾಣಪತ್ರದ ಜಗಳ ದಶಕಗಟ್ಟಲೆ ನಡೆಯಿತು, ಇಂದಿಗೂ ಪೂರ್ತಿ ಮುಗಿದಿಲ್ಲ. ಆದರೆ 2004ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸರಕಾರವೂ ಹೊಣೆಗಾರನೆಂದು ಸ್ಪಷ್ಟವಾಗಿ ಘೋಷಿಸಿತು, ಪ್ರಧಾನಿಯೇ ಕ್ಷಮೆ ಕೋರಿದರು, ಮತ್ತು ಊರಿನಲ್ಲಿ ಒಂದು ವಸ್ತುಸಂಗ್ರಹಾಲಯ ಕಟ್ಟಿ ರೋಗಿಗಳೇ ತಮ್ಮ ಕಥೆಯನ್ನು ಶಾಲಾಮಕ್ಕಳಿಗೆ ಹೇಳುವ ಏರ್ಪಾಡು ಮಾಡಿದರು. ನಮ್ಮಲ್ಲಿ ಎಷ್ಟು ವಿಷ, ಯಾವ ದಿನ, ಯಾರ ಆದೇಶದ ಮೇರೆಗೆ, ಯಾವ ಮುನ್ನೆಚ್ಚರಿಕೆಗಳನ್ನು ಬಿಟ್ಟು ಸಿಂಪಡಿಸಲಾಯಿತು ಎಂಬುದರ ಸಮಗ್ರ ಅಧಿಕೃತ ದಾಖಲೆ ಕನ್ನಡದಲ್ಲಿ ಓದಲು ಸಿಗುವುದಿಲ್ಲ. ನನ್ನ ಶಾಲೆಯ ಮಕ್ಕಳು ದೂರದ ಭೋಪಾಲದ ಬಗ್ಗೆ ಪಾಠ ಓದಿದರು. ತಮ್ಮ ಮನೆಯ ಹಿಂದಿನ ಗುಡ್ಡದ ಬಗ್ಗೆ ಅಜ್ಜಿಯಿಂದಷ್ಟೇ ಕೇಳಿ ತಿಳಿದರು. ವಿಷ ತಯಾರಿಸಿ ಮಾರಿದ ಕಂಪೆನಿಗಳಿಂದ ಹಣ ವಸೂಲಿ ಮಾಡಲು ಸರಕಾರಕ್ಕೆ ಅವಕಾಶವಿದೆಯೆಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿತ್ತು. ಸಂತ್ರಸ್ತರ ಕಿಸೆಗೆ ಬಂದದ್ದೆಲ್ಲ ಜನರ ತೆರಿಗೆಯ ಹಣ. ಲಾಭ ಮಾಡಿಕೊಂಡವರು ಇನ್ನೂ ಈ ಲೆಕ್ಕದ ಹೊರಗೇ ಇದ್ದಾರೆ.

ಮತ್ತೆ ಹಾಗಾಗದಂತೆ ನೋಡುವ ಖಾತರಿಯಲ್ಲಿ ಒಂದು ದೊಡ್ಡ ಗೆಲುವು ಇದೆ: 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ಜಗತ್ತಿನಾದ್ಯಂತ ನಿಲ್ಲಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು, ಮತ್ತು ಆ ಸಭೆಯಲ್ಲಿ ಚರ್ಚೆಯಾದ ಸಾಕ್ಷ್ಯಗಳಲ್ಲಿ ನಮ್ಮ ಊರುಗಳ ನೋವೂ ಇತ್ತು. ಆದರೆ ಬಳಸದೆ ಉಳಿದ ವಿಷದ ವಿಲೇವಾರಿ ಅಷ್ಟೇ ಜಾಗರೂಕತೆಯಿಂದ ನಡೆಯಲಿಲ್ಲ. ಕಾರ್ಪೊರೇಷನ್ನಿನ ಗೋದಾಮುಗಳಲ್ಲಿದ್ದ ಸೋರುವ ಬ್ಯಾರಲುಗಳಿಂದ ಅದನ್ನು ಹೊಸ ಡ್ರಮ್ಮುಗಳಿಗೆ ವರ್ಗಾಯಿಸುವ ಕೆಲಸ 2012ರಲ್ಲಿ ಆಯಿತು. ಮಿಂಚಿಪದವಿನ ತೋಟದೊಳಗಿನ ಬಾವಿಯಲ್ಲಿ ಒಂದಿಷ್ಟನ್ನು ಹಿಂದೆಯೇ ಹೂತುಹಾಕಿದ್ದರೆಂಬ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಆ ಗುಡ್ಡದ ಕೆಳಗಿನ ಎರಡೂ ರಾಜ್ಯಗಳ ಬಾವಿಗಳ ನೀರನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯತಿನ ಗೋಡೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಹಾಕುವುದು ಈ ಸೇವೆಯ ಭಾಗವಾಗಬೇಕು.

ಗಡಿಯಾಚೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೆ ಇದೇ ವಿಷವನ್ನು ಇದೇ ರೀತಿ ಸಿಂಪಡಿಸಲಾಗಿತ್ತು. ಕೊಕ್ಕಡದ ಹಗಲಿನ ಆರೈಕೆ ಕೇಂದ್ರ ನಮ್ಮ ಬಡ್ಸ್ ಶಾಲೆಗಳಂತೆಯೇ ಒಳ್ಳೆಯ ಮಾದರಿ. ಎರಡೂ ಕಡೆಯ ಮನೆಗಳಲ್ಲಿ ಅಕ್ಕತಂಗಿಯರನ್ನು ಕೊಟ್ಟು ತಂದ ಸಂಬಂಧಗಳಿವೆ. ಇಲ್ಲಿ ಬೆಳೆದು ಅಲ್ಲಿಗೆ ಮದುವೆಯಾಗಿ ಹೋದ ಹೆಣ್ಣಿನ ಮಗು ಯಾವ ರಾಜ್ಯದ ಪಟ್ಟಿಗೆ ಸೇರಬೇಕೆಂಬುದನ್ನು ಎರಡು ಸರಕಾರಗಳೂ ಕುಳಿತು ಇತ್ಯರ್ಥ ಮಾಡಬೇಕು.

ಕೊನೆಯದಾಗಿ, ಈ ಸೇವೆಯನ್ನು ಬಳಸಬೇಕಾದ ಮನೆಯವರಿಗೆ ಕೆಲವು ಸಂಗತಿಗಳು. ಅರ್ಜಿಯನ್ನು ಕನ್ನಡದಲ್ಲೇ ಕೊಡಿ, ದಿನಾಂಕ ಮತ್ತು ಮುದ್ರೆ ಇರುವ ಸ್ವೀಕೃತಿ ಸಿಗದೆ ಮೇಜು ಬಿಟ್ಟು ಬರಬೇಡಿ. ಹಳೆಯ ಆಸ್ಪತ್ರೆ ಚೀಟಿ, ಹೆರಿಗೆಯ ದಾಖಲೆ, ಅಂಗನವಾಡಿಯ ಪುಸ್ತಕ, ಸಿಂಪರಣೆಯ ವರ್ಷಗಳಲ್ಲಿ ನೀವು ಅದೇ ಊರಿನಲ್ಲಿದ್ದುದನ್ನು ತೋರಿಸುವ ರೇಷನ್ ಕಾರ್ಡು ಇವನ್ನು ನಕಲು ತೆಗೆಸಿ ಒಂದು ಕಡೆ ಇಡಿ. ಮೂಲಪ್ರತಿಯನ್ನು ಯಾರಿಗೂ ಬಿಟ್ಟುಕೊಡಬೇಡಿ. ಶಿಬಿರಕ್ಕೆ ಹೋಗುವಾಗ ಮಲಯಾಳ ಬಲ್ಲ ನೆರೆಯವರನ್ನು ಜತೆಗೆ ಕರೆದುಕೊಂಡು ಹೋಗಿ, ಮಗುವಿನ ಕಾಯಿಲೆಯ ಚರಿತ್ರೆಯನ್ನು ಮೊದಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಪಟ್ಟಿಯಲ್ಲಿ ಹೆಸರು ಬಾರದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಪರೀಕ್ಷೆಯ ವರದಿಯನ್ನೂ ಕೈಬಿಟ್ಟ ಕಾರಣವನ್ನೂ ಕೇಳಬಹುದು. ಮೂವತ್ತು ದಿನಗಳ ಒಳಗೆ ಉತ್ತರ ಕೊಡುವುದು ಕಚೇರಿಯ ಕರ್ತವ್ಯ. ಹೆಂಗಸರು, ಮಕ್ಕಳು, ಅಂಗವಿಕಲರು ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಲು ಅರ್ಹರು. 2022ರಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿಗೆ ದಾರಿ ತೆರೆದದ್ದು ಎಂಟೇ ಮಂದಿ ಸಲ್ಲಿಸಿದ ಒಂದು ಅರ್ಜಿ.